ಕಲಿತ ಮಾರಾಟ ಬೇರೆ, ಮಾಡುವ ಮಾರಾಟ ಬೇರೆ



ತೊಗರಿಯನ್ನು ಹೇಗೆ ಮಾರಬೇಕೆಂದು ಇಂದು ನಿಮ್ಮಲ್ಲಿ ಅನೇಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ. ಚೆನ್ನಾಗಿ ಒಣಗಿಸಬೇಕು, ಜರಡಿ ಹಿಡಿದು ಕಸಕಡ್ಡಿ, ಒಡಕು ಕಾಳು ಬೇರ್ಪಡಿಸಬೇಕು, ಸುಗ್ಗಿಯ ನೂಕುನುಗ್ಗಲಿನಲ್ಲಿ ಎಲ್ಲವನ್ನೂ ಒಮ್ಮೆಲೇ ಮಾರದೆ ಉಗ್ರಾಣದಲ್ಲಿಟ್ಟು ರಸೀದಿಯ ಮೇಲೆ ಸಾಲ ಪಡೆಯಬೇಕು, ಅಕ್ಕಪಕ್ಕದ ಮಾರುಕಟ್ಟೆಗಳ ಧಾರಣೆ ತಿಳಿದಿರಬೇಕು. ತರಬೇತಿ ಪಡೆದವರನ್ನು ಕೇಳಿದರೆ ಇಷ್ಟನ್ನೂ ತಪ್ಪಿಲ್ಲದೆ ಹೇಳುತ್ತಾರೆ. ಅದೇ ಜನ ಜನವರಿಯಲ್ಲಿ ಅರೆ ಒಣಗಿದ ಮಾಲನ್ನು ಪ್ರಾಂಗಣಕ್ಕೆ ತಂದು, ಮೊದಲು ಬಂದ ಬೆಲೆಗೆ ತಲೆಯಾಡಿಸಿ, ಸಂಜೆಯ ಬಸ್ಸು ಹಿಡಿಯುತ್ತಾರೆ.

ಇದಕ್ಕೆ ರೈತರ ಅಜ್ಞಾನವೇ ಕಾರಣವೆಂದು ಹೇಳಿಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ತಿಳಿವಳಿಕೆ ಬಂದದ್ದು ಸಭಾಭವನದಲ್ಲಿ, ನೆರಳಿನಲ್ಲಿ ಕುಳಿತಾಗ. ತೀರ್ಮಾನ ಮಾಡಬೇಕಾದದ್ದು ಟ್ರ್ಯಾಕ್ಟರಿನ ಬಾಡಿಗೆ ಏರುತ್ತಿರುವಾಗ, ಹಮಾಲರು ಅವಸರ ಮಾಡುತ್ತಿರುವಾಗ, ಮನೆಯಲ್ಲಿ ಮದುವೆಯ ಖರ್ಚು ಕಾದಿರುವಾಗ.

2015ರ ತೊಗರಿಯನ್ನು ನೆನೆಯಿರಿ. ಆ ವರ್ಷ ಕ್ವಿಂಟಾಲಿನ ಬೆಲೆ ಹತ್ತು ಸಾವಿರ ರೂಪಾಯಿ ದಾಟಿತು. ಕಾದವನು ಗೆದ್ದ ಎಂಬ ಪಾಠ ಎಲ್ಲರ ಮನಸ್ಸಿನಲ್ಲೂ ನಿಂತಿತು. ಬೆಲೆ ಕಂಡು ದೇಶದಾದ್ಯಂತ ಹೆಚ್ಚು ಬಿತ್ತಿದರು, ಮಳೆಯೂ ಕೈಹಿಡಿಯಿತು. 2016-17ರಲ್ಲಿ ಉತ್ಪಾದನೆ 45 ಲಕ್ಷ ಟನ್ನು ಮೀರಿತು. ಬೋನಸ್ಸು ಸೇರಿ 5,050 ರೂಪಾಯಿಯ ಬೆಂಬಲ ಬೆಲೆಯಿದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಕೆಳಗಿಳಿಯಿತು. ಆಗಲೂ ‘ಮುಂದಿನ ವಾರ ಏರೀತು’ ಎಂದು ಕಾದವರು ಕಡಿಮೆಯಿಲ್ಲ. ದಾಸ್ತಾನು ಮಾಡುವ ವಿಧಾನದಲ್ಲಿ ತಪ್ಪಿರಲಿಲ್ಲ. ಯಾವ ದಿನ ಕೈಬಿಡಬೇಕೆಂದು ಮೊದಲೇ ಗೊತ್ತುಮಾಡಿಕೊಂಡಿರಲಿಲ್ಲ, ಅಷ್ಟೇ. ಏರುವಾಗ ಆಸೆ, ಇಳಿಯುವಾಗ ಛಲ. ಇವೆರಡೂ ಯಾವ ಪುಸ್ತಕವನ್ನೂ ಓದಿರುವುದಿಲ್ಲ.

ಆದುದರಿಂದ ಕೊಯ್ಲಿಗೆ ಮೊದಲೇ, ಮನೆಯಲ್ಲಿ ಕುಳಿತು, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ನಲವತ್ತು ಚೀಲ ಬರುವ ಅಂದಾಜಿದ್ದರೆ, ತುರ್ತು ಸಾಲ ಮತ್ತು ಕೂಲಿಗೆ ಬೇಕಾದಷ್ಟು, ಹದಿನೈದು ಚೀಲವೆನ್ನಿ, ಒಕ್ಕಣೆಯಾದ ಕೂಡಲೇ ಹೋಗಲಿ. ಧಾರಣೆ ಬೆಂಬಲ ಬೆಲೆಗಿಂತ ಕೆಳಗಿದ್ದು ಖರೀದಿ ಕೇಂದ್ರ ತೆರೆದಿದ್ದರೆ ಅಲ್ಲಿಗೆ ಕೊಡಿ. ಅದಕ್ಕೆ ಹೆಸರು ನೋಂದಾಯಿಸುವುದನ್ನು ಮರೆಯಬೇಡಿ. ಉಳಿದುದರಲ್ಲಿ ಯಾವ ಭಾಗ ಯಾವ ಬೆಲೆಗೆ, ಆ ಬೆಲೆ ಬರದಿದ್ದರೆ ಯಾವ ತಾರೀಖಿಗೆ ಎಂದು ಸ್ಪಷ್ಟವಾಗಿರಲಿ. ಬರೆದುದನ್ನು ಬದಲಿಸಬೇಕೆನಿಸಿದರೆ ಮನೆಗೆ ಬಂದು ಬದಲಿಸಿ, ಪ್ರಾಂಗಣದಲ್ಲಿ ನಿಂತು ಬೇಡ. ಹೊಸ ತಳಿಯನ್ನು ಮೊದಲು ಅರ್ಧ ಎಕರೆಯಲ್ಲಿ ಬಿತ್ತಿ ನೋಡುವವರು ನೀವು. ದಾಸ್ತಾನನ್ನೂ ಮೊದಲ ವರ್ಷ ಐದಾರು ಚೀಲದಲ್ಲೇ ಮಾಡಿ ನೋಡಿರಿ.

ತೇವಾಂಶದ ವಿಷಯವೂ ಹೀಗೆಯೇ. ಬೆಂಬಲ ಬೆಲೆಯ ಖರೀದಿಗೆ ತೊಗರಿಯಲ್ಲಿ ಶೇಕಡಾ 12ಕ್ಕಿಂತ ಹೆಚ್ಚು ತೇವ ಇರಬಾರದೆಂದು ಎಲ್ಲರೂ ಬಲ್ಲರು. ಲೆಕ್ಕ ಹಾಕಿದವರು ಎಷ್ಟು ಮಂದಿ? ಶೇಕಡಾ 15 ತೇವವಿರುವ ಒಂದು ಕ್ವಿಂಟಾಲನ್ನು 12ಕ್ಕೆ ಒಣಗಿಸಿದರೆ ಸುಮಾರು 3.4 ಕಿಲೋ ತೂಕ ಇಳಿಯುತ್ತದೆ. ಒಣ ಮಾಲಿನ ಬೆಲೆ 7,000 ರೂಪಾಯಿಯೆಂದು ಇಟ್ಟುಕೊಂಡರೆ ಅದು ಸುಮಾರು 240 ರೂಪಾಯಿಗೆ ಸಮ. ಹಸಿ ಮಾಲಿಗೆ ಖರೀದಿದಾರ 400 ರೂಪಾಯಿ ಕಡಿತ ಮಾಡಿದರೆ ಕಣದಲ್ಲಿ ಇನ್ನೆರಡು ದಿನ ಹರವುವುದೇ ಲಾಭ. 150 ರೂಪಾಯಿ ಮಾತ್ರ ಕಡಿದರೆ ಹಾಗೆಯೇ ಕೊಟ್ಟುಬಿಡಿ, ಒಣಗಿಸುವ ಕೂಲಿಯಾದರೂ ಉಳಿದೀತು.

ಇನ್ನು ಎಲ್ಲಕ್ಕಿಂತ ಬಿಗಿಯಾದ ಗಂಟಿನ ಮಾತು. ಟೆಂಡರಿನಲ್ಲಿ ಬಂದ ಬೆಲೆ ಒಪ್ಪಿಗೆಯಾಗದಿದ್ದರೆ ನಿರಾಕರಿಸುವ ಹಕ್ಕು ರೈತನಿಗಿದೆ. ದಲಾಲಿಯನ್ನು ಖರೀದಿದಾರನಿಂದ ಪಡೆಯಬೇಕೇ ಹೊರತು ರೈತನ ಪಟ್ಟಿಯಲ್ಲಿ ಮುರಿಯಕೂಡದು. ಇದು ನಿಮಗೆ ಗೊತ್ತು. ಆದರೂ ಬಾಯಿ ಬರುವುದಿಲ್ಲ. ಏಕೆಂದರೆ ಜೂನ್ ತಿಂಗಳಲ್ಲಿ ಬೀಜ ಗೊಬ್ಬರಕ್ಕೆಂದು ಕೈ ಚಾಚಿದ್ದು ಅದೇ ಅಂಗಡಿಯ ಮುಂದೆ. ಮುಂಗಡ ಕೊಟ್ಟವನ ಎದುರು ‘ಈ ಬೆಲೆಗೆ ಕೊಡೆನು’ ಎನ್ನುವ ಧೈರ್ಯವನ್ನು ಯಾವ ತರಬೇತಿಯೂ ಕೊಡಲಾರದು. ಬೆಳೆಸಾಲವನ್ನು ಸಹಕಾರ ಸಂಘದಿಂದಲೋ ಬ್ಯಾಂಕಿನಿಂದಲೋ ತಂದವನಿಗೆ ಮಾತ್ರ ಆ ಮಾತು ಸಲೀಸಾಗಿ ಬರುತ್ತದೆ. ಪೂರ್ತಿ ಸಾಧ್ಯವಾಗದಿದ್ದರೆ ಅರ್ಧವನ್ನಾದರೂ ಅಲ್ಲಿಂದ ತನ್ನಿ, ಆ ಅರ್ಧ ಬೆಳೆಯನ್ನು ಬೇರೊಬ್ಬ ದಲಾಲರ ಅಂಗಡಿಗೆ ಹಾಕಿ, ಎರಡೂ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ನಮ್ಮ ತರಬೇತಿಗಳೂ ಸ್ವಲ್ಪ ಬದಲಾಗಬೇಕು. ಒಂದು ದಿನದ ಉಪನ್ಯಾಸ, ಊಟ, ಪ್ರಮಾಣಪತ್ರ ಇಷ್ಟಕ್ಕೇ ನಿಂತರೆ ಸಾಲದು. ಸುಗ್ಗಿಯ ಕಾಲದಲ್ಲಿ ಹತ್ತು ಮಂದಿ ರೈತರು ತಮ್ಮದೇ ಚೀಲಗಳೊಂದಿಗೆ ಪ್ರಾಂಗಣಕ್ಕೆ ಬರಲಿ, ವಿಸ್ತರಣಾ ಕಾರ್ಯಕರ್ತರು ತೇವಮಾಪಕ ಹಿಡಿದು ಜೊತೆಗಿರಲಿ, ಲಾಟು ನಮೂದಿಸುವುದರಿಂದ ಹಿಡಿದು ಪಟ್ಟಿ ಕೈಸೇರುವವರೆಗೆ. ಅಂಥ ತರಬೇತಿ ನಿಮ್ಮ ತಾಲ್ಲೂಕಿನಲ್ಲಿ ಬೇಕೆಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ನಾಲ್ಕು ಜನ ಸೇರಿ ಬರೆಯಿರಿ. ಅಕ್ಟೋಬರಿನೊಳಗೆ ಬರೆದರೆ ಈ ಸುಗ್ಗಿಗೇ ಏರ್ಪಾಡು ಮಾಡಲು ಅವರಿಗೂ ಸಮಯ ಸಿಕ್ಕೀತು.