ಗೋಡೆಯೊಡನೆ ಬೆಳೆಯುವ ನಂಟು



ಹೊಳಲೂರಿನಂಥ ನಮ್ಮ ಹಳ್ಳಿಗಳಲ್ಲಿ ಹಿಂದೆ ಒಂದು ಮನೆ ಏಳಬೇಕಾದರೆ ಮಣ್ಣು ಕಲಸಲು, ತೊಲೆ ಏರಿಸಲು, ಹೆಂಚು ಹೊದಿಸಲು ನೆರೆಹೊರೆಯವರು ಮುಯ್ಯಾಳಾಗಿ ಬರುತ್ತಿದ್ದರು. ಇಂದು ಬಂದವರ ಮನೆಗೆ ನಾಳೆ ಇವರು ಹೋಗುತ್ತಿದ್ದರು. ಆ ಮುಯ್ಯಿಯಲ್ಲಿ ಕೊಟ್ಟವನು ದೊಡ್ಡವನಲ್ಲ, ಪಡೆದವನು ಚಿಕ್ಕವನಲ್ಲ. ಈಗ ನಮ್ಮ ಮಕ್ಕಳು ವ್ಯಾಸಂಗಕ್ಕಾಗಿ, ಉದ್ಯೋಗಕ್ಕಾಗಿ ಪರದೇಶಗಳಲ್ಲಿದ್ದಾರೆ. ಬಿಡುವಿನಲ್ಲಿ ಇನ್ನೊಂದು ನಾಡಿಗೆ ಹೋಗಿ ಬಡವರಿಗೆ ಮನೆ ಕಟ್ಟುವ ಸೇವೆಯ ಅವಕಾಶವೂ ಅವರಿಗುಂಟು. ಗುರುತಿಲ್ಲದ ಊರಿನಲ್ಲಿ ಆ ಸಮಭಾವ ಮೂಡುವುದು ಹೇಗೆ?

ಈ ಸೇವೆಗೆ ನೂರು ವರ್ಷ ಮೀರಿದ ಇತಿಹಾಸವಿದೆ. ಮೊದಲನೆಯ ಮಹಾಯುದ್ಧದ ತರುವಾಯ 1920ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೇರ್ ಸೆರೆಸೋಲ್ ಅವರು ಸಂಗಡಿಗರೊಡನೆ ಫ್ರಾನ್ಸಿನ ವರ್ಡನ್ ಸಮೀಪದ ಪಾಳುಬಿದ್ದ ಹಳ್ಳಿಯೊಂದರಲ್ಲಿ ಮನೆ ಕಟ್ಟತೊಡಗಿದರು. ಅವರಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುಗಳಾಗಿದ್ದವರ ಉಪಕಾರಕ್ಕೆ ಊರಿನವರ ಮನಸ್ಸು ಒಪ್ಪಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ನಿಂತಿತು. ಸೇವಕನ ಉದ್ದೇಶ ಶುದ್ಧವಾಗಿದ್ದರೆ ಸಾಲದು. ನೊಂದವರ ಒಪ್ಪಿಗೆಯೇ ಮನೆಯ ಮೊದಲ ಅಡಿಗಲ್ಲು.

ಸೆರೆಸೋಲ್ ಅವರು ಎದೆಗುಂದಲಿಲ್ಲ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾದಾಗ ಭಾರತಕ್ಕೆ ಬಂದರು. ರಾಜೇಂದ್ರ ಪ್ರಸಾದರ ಮುಂದಾಳತ್ವದಲ್ಲಿ ಆಗ ಪರಿಹಾರ ಕಾರ್ಯ ನಡೆದಿತ್ತು. ಮುಜಫ್ಫರಪುರ ಜಿಲ್ಲೆಯಲ್ಲಿ ನೆರೆಗೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಮರಳಿ ಕಟ್ಟುವ ಕೆಲಸದಲ್ಲಿ ಅವರೂ ಸಂಗಡಿಗರೂ ಹಳ್ಳಿಗರೊಡನೆ ಬೆವರು ಸುರಿಸಿದರು.

1976ರಲ್ಲಿ ಅಮೆರಿಕದ ಮಿಲರ್ಡ್ ಫುಲ್ಲರ್ ದಂಪತಿಗಳು ಸ್ಥಾಪಿಸಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆಯ ಪದ್ಧತಿಯೂ ಇಂಥದೇ. ಮನೆ ಪಡೆಯುವ ಕುಟುಂಬ ಸುಮ್ಮನೆ ನಿಂತು ನೋಡುವಂತಿಲ್ಲ, ತಾನೂ ದುಡಿಯಬೇಕು. 2006ರಲ್ಲಿ ಲೋಣಾವಳದ ಬಳಿಯ ಮಳವಲಿಯಲ್ಲಿ ಅನೇಕ ದೇಶಗಳ ಸುಮಾರು 2000 ಸ್ವಯಂಸೇವಕರು ಒಂದು ವಾರ ದುಡಿದು 100 ಮನೆಗಳನ್ನು ಕಟ್ಟಿದರು. ಅವರೊಡನೆ 82 ವರ್ಷದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೂ ಪತ್ನಿ ರೋಸಲಿನ್ ಅವರೂ ಕೆಲಸಕ್ಕಿಳಿದಿದ್ದರು. ಅದಕ್ಕೂ ನಾಲ್ಕು ದಶಕ ಮುಂಚೆ ಕಾರ್ಟರರ ತಾಯಿ ಲಿಲಿಯನ್ ತಮ್ಮ 68ನೆಯ ವಯಸ್ಸಿನಲ್ಲಿ ಸ್ವಯಂಸೇವಕಿಯಾಗಿ ಬಂದು ಮುಂಬಯಿಯ ವಿಕ್ರೋಳಿಯಲ್ಲಿ ರೋಗಿಗಳ ಶುಶ್ರೂಷೆ ಮಾಡಿದ್ದರು. ತಾಯಿ ಸೇವೆ ಸಲ್ಲಿಸಿದ ನಾಡಿಗೆ ಮಗ ಗಾರೆ ಕಲಸಲು ಬಂದದ್ದು ನಂಟಿನ ಮುಂದುವರಿಕೆಯಲ್ಲವೇ?

ಹಾಗೆಂದು ದೂರದಿಂದ ಬಂದವರೆಲ್ಲ ಬಂಧುಗಳಾಗುವುದಿಲ್ಲ. ವಾರವೊಂದು ಇದ್ದು, ಬಡವರ ಭಾವಚಿತ್ರ ತೆಗೆದು, ಊರಿನ ಗಾರೆಯವನ ಕೂಲಿಗೂ ಕುತ್ತು ತಂದು ಹೊರಟರೆ ಅದು ಪ್ರವಾಸ ಮಾತ್ರ. ಸೇವೆಗೆ ಹೊರಡುವ ಮಕ್ಕಳಿಗೆ ನಾವು ಹೇಳಬೇಕಾದುದಿಷ್ಟು: ಆ ಊರಿನ ನಾಲ್ಕು ಮಾತು ಕಲಿಯಿರಿ. ಅಲ್ಲಿಯ ಮೇಸ್ತ್ರಿಯನ್ನು ಗುರುವೆಂದು ತಿಳಿದು ಅವನು ಹೇಳಿದಂತೆ ಇಟ್ಟಿಗೆ ಹೊರಿರಿ. ಮನೆಯವರು ಕೊಟ್ಟ ಗಂಜಿಯನ್ನು ಪ್ರಸಾದವೆಂದು ಸ್ವೀಕರಿಸಿರಿ. ಅವರಿಗೂ ಕೊಡುವ ಸಂತೋಷ ಸಲ್ಲಬೇಕು. ಮರಳಿದ ಮೇಲೆ ಕಾಗದ ಬರೆಯುವುದನ್ನು ಮರೆಯಬೇಡಿರಿ.

ಬಸವಾದಿ ಶರಣರು ದಾನಕ್ಕಿಂತ ದಾಸೋಹವನ್ನು ಹಿರಿದೆಂದುದರ ಮರ್ಮ ಇದೇ. ದಾನದಲ್ಲಿ ಕೊಡುವವನು ಮೇಲಿರುತ್ತಾನೆ. ದಾಸೋಹದಲ್ಲಿ 'ನಾನು ಕೊಟ್ಟೆ' ಎಂಬ ಅಹಂಕಾರವೇ ಕರಗುತ್ತದೆ. ನಮ್ಮ ಹಿರಿಯರ ಮುಯ್ಯಿಯನ್ನು ನಮ್ಮ ಮಕ್ಕಳು ಕಡಲಾಚೆಗೂ ಒಯ್ಯಲಿ. ಈ ಊರಿನ ಮನೆಗಳಿಗೂ ನೆರೆಯವರ ಕೈ ಮತ್ತೆ ಕೂಡಿಬರಲಿ.