ಮಗಳ ಓದಿಗೆ ಯಾವ ದೇಶ?

ದ್ವಿತೀಯ ಪಿಯುಸಿ ಓದುತ್ತಿರುವ ಮಕ್ಕಳ ತಂದೆತಾಯಿ ನಾಲ್ವರು ಸೇರಿದರೆ ಸಾಕು, ಮಾತು ವಿದೇಶಿ ವಿಶ್ವವಿದ್ಯಾಲಯಗಳತ್ತ ಹೊರಳುತ್ತದೆ. ಶುಲ್ಕ ಎಷ್ಟು, ರ‍್ಯಾಂಕ್ ಎಷ್ಟನೆಯದು, ಓದು ಮುಗಿದ ಮೇಲೆ ಅಲ್ಲಿ ಎಷ್ಟು ವರ್ಷ ದುಡಿಯಬಹುದು? ಚರ್ಚೆ ಈ ಮೂರು ಪ್ರಶ್ನೆಗಳನ್ನು ದಾಟುವುದು ಅಪರೂಪ. ನನ್ನ ಮಗಳೂ ಈ ವರ್ಷ ಇದೇ ಸಾಲಿನಲ್ಲಿದ್ದಾಳೆ. ಹೀಗಾಗಿ ಬೆಂಗಳೂರಿನ ಶಿಕ್ಷಣ ಮೇಳಗಳನ್ನೂ ಸಲಹಾ ಕೇಂದ್ರಗಳನ್ನೂ ನಾನು ಸಾಕಷ್ಟು ಸುತ್ತಿದ್ದೇನೆ. (ಉಚಿತವಾಗಿ ಸಲಹೆ ನೀಡುವ ಕೇಂದ್ರಗಳಲ್ಲಿ ಹಲವಕ್ಕೆ ಕಮಿಷನ್ ಕೊಡುವವರು ಅಲ್ಲಿನ ವಿಶ್ವವಿದ್ಯಾಲಯಗಳೇ ಎಂಬುದನ್ನು ಪೋಷಕರು ಮರೆಯಬಾರದು.)

ಯಾರೂ ಕೇಳದ ಪ್ರಶ್ನೆಯೊಂದಿದೆ: ತಾನು ಓದಬೇಕಾದ ವಿಷಯವನ್ನು ಮಗು ಯಾವ ವಯಸ್ಸಿನಲ್ಲಿ ತೀರ್ಮಾನಿಸಬೇಕು? ದೇಶದಿಂದ ದೇಶಕ್ಕೆ ನಿಜವಾಗಿ ಬದಲಾಗುವುದು ಇದೇ ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಪದವಿ ಸಾಮಾನ್ಯವಾಗಿ ಮೂರು ವರ್ಷದ್ದು. ಅರ್ಜಿ ಹಾಕುವಾಗಲೇ ವಿಷಯ ನಿಶ್ಚಯವಾಗಿರಬೇಕು. ಯುಕಾಸ್ ಮೂಲಕ ಐದು ಕೋರ್ಸ್‌ಗಳನ್ನು ಆರಿಸಿಕೊಳ್ಳಬಹುದು. ಆದರೆ ಆ ಐದಕ್ಕೂ ಸೇರಿ ಬರೆಯುವುದು ಒಂದೇ ನಿವೇದನೆ. ಇತಿಹಾಸಕ್ಕೆಂದು ಸೇರಿದವಳು ಬಹುಮಟ್ಟಿಗೆ ಇತಿಹಾಸವನ್ನೇ ಓದುತ್ತಾಳೆ. ಅಮೆರಿಕದ ನಾಲ್ಕು ವರ್ಷಗಳ ಪದವಿಯ ಸ್ವಭಾವ ಬೇರೆ. ಅಲ್ಲಿ ಅನೇಕ ಕಡೆ ಮುಖ್ಯ ವಿಷಯವನ್ನು ಎರಡನೆಯ ವರ್ಷದ ಕೊನೆಯವರೆಗೂ ಘೋಷಿಸಬೇಕಿಲ್ಲ. ಜೀವವಿಜ್ಞಾನದ ಜೊತೆ ತತ್ತ್ವಶಾಸ್ತ್ರವನ್ನೂ ಓದಿ ನೋಡಬಹುದು. ಈ ಅವಕಾಶಕ್ಕೆ ತೆರಬೇಕಾದ ಬೆಲೆ ಮಾತ್ರ ಮಧ್ಯಮ ವರ್ಗದವರು ಮನೆ ಅಡವಿಡುವಷ್ಟು.

ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ಈಗ ಪೂರ್ತಿ ನಿಜವಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೋ ವಿಧಿಸುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಲ್ಲಿ ಇಂಥವರಿಗೆ ಶುಲ್ಕ ಆರಂಭಿಸಿತು. ಉಳಿದ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲದಿದ್ದರೂ, ನಮ್ಮ ಹನ್ನೆರಡನೆಯ ತರಗತಿಯ ಅಂಕಪಟ್ಟಿಯೊಂದನ್ನೇ ಹಿಡಿದು ಹೋದವರಿಗೆ ಸಾಮಾನ್ಯವಾಗಿ ನೇರ ಪ್ರವೇಶವಿಲ್ಲ. ಪದವಿ ತರಗತಿಗಳು ಹೆಚ್ಚಾಗಿ ನಡೆಯುವುದು ಜರ್ಮನ್ ಭಾಷೆಯಲ್ಲಿ. ಸ್ವತಂತ್ರವಾಗಿ ನಡೆದುಕೊಳ್ಳಬಲ್ಲ ಮಗುವಿಗೆ ಅದು ಒಳ್ಳೆಯ ವ್ಯವಸ್ಥೆ. ದಿನವೂ ಅಮ್ಮನನ್ನು ಕೇಳಿ ಓದುವ ಮಗುವಿಗಲ್ಲ.

ಇನ್ನು ಕೆಲಸದ ಅನುಮತಿಯ ಲೆಕ್ಕಾಚಾರ. ಇದನ್ನೇ ನಂಬಿ ದೇಶ ಆರಿಸುವವರನ್ನು ಕಂಡಾಗ ನನಗೆ ಆತಂಕವಾಗುತ್ತದೆ. ಬ್ರಿಟನ್ 2012ರಲ್ಲಿ ಓದಿನ ನಂತರದ ದುಡಿಮೆಯ ವೀಸಾವನ್ನು ರದ್ದು ಮಾಡಿತು, 2021ರಲ್ಲಿ ಎರಡು ವರ್ಷದ ಅವಕಾಶವನ್ನು ಮರಳಿ ಕೊಟ್ಟಿತು, 2025ರಲ್ಲಿ ಅದನ್ನು 18 ತಿಂಗಳಿಗೆ ಇಳಿಸುವುದಾಗಿ ಪ್ರಕಟಿಸಿತು. ಕೆನಡಾ 2024ರ ಜನವರಿಯಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಅಮೆರಿಕ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಹದಿನೆಂಟರ ಹುಡುಗಿ ಪದವಿ ಮುಗಿಸುವ ಹೊತ್ತಿಗೆ ಈ ಕಾನೂನುಗಳು ಇದೇ ರೂಪದಲ್ಲಿರುತ್ತವೆ ಎಂದು ಯಾವ ಸಲಹೆಗಾರ ತಾನೇ ಬರೆದುಕೊಟ್ಟಾನು?

ಹಾಗಾದರೆ ನಮ್ಮ ವ್ಯವಸ್ಥೆ ಹೇಗಿದೆ? ಈ ವಿಷಯದಲ್ಲಿ ಅದು ಇಂಗ್ಲೆಂಡಿಗಿಂತಲೂ ಕಠಿಣ. ಎಸ್‌ಎಸ್‌ಎಲ್‌ಸಿ ಮುಗಿಸಿದ ಹದಿನಾರರ ಮಕ್ಕಳನ್ನು ನಾವು ವಿಜ್ಞಾನ, ವಾಣಿಜ್ಯ, ಕಲೆ ಎಂದು ಬೇರ್ಪಡಿಸಿಬಿಡುತ್ತೇವೆ. ನನ್ನ ಮಗಳು ಓದುತ್ತಿರುವುದು ಪಿಸಿಎಂಬಿ, ಮನಸ್ಸು ಇರುವುದು ಇತಿಹಾಸದಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021ರಲ್ಲಿ ಕರ್ನಾಟಕ ತಂದ ನಾಲ್ಕು ವರ್ಷಗಳ ಆನರ್ಸ್ ಪದವಿ ಇಂಥವರಿಗೆ ಒಂದಿಷ್ಟು ಉಸಿರಾಟದ ಜಾಗ ಕೊಡಬಹುದಿತ್ತು. ಅದರ ಜಾರಿ ಅವಸರದ್ದಾಗಿತ್ತು, ನಿಜ. ಆದರೆ 2024ರಲ್ಲಿ ಸರ್ಕಾರ ಬದಲಾದ ನೀತಿಯೊಂದಿಗೆ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಮೆರಿಕದ ಅನೇಕ ಸ್ನಾತಕೋತ್ತರ ವಿಭಾಗಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ ಎಂಬುದು ಆ ನಿರ್ಧಾರದ ಹೊತ್ತಿನಲ್ಲಿ ಎಷ್ಟು ಚರ್ಚೆಯಾಯಿತೋ ತಿಳಿಯದು.

ಇಷ್ಟಾದರೂ, ಮೊದಲ ಪದವಿ ಇಲ್ಲೇ ಆಗಲಿ ಎಂಬುದು ನನ್ನ ನಿಲುವು. ಇತಿಹಾಸವನ್ನೇ ಮೂರು ವರ್ಷ ಓದಲಿ. ಆಮೇಲೂ ಆಸೆ ಉಳಿದಿದ್ದರೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎ. ಇದೆ, ಅದರ ಸಾಲ ನಾನು ನಿವೃತ್ತನಾಗುವುದರೊಳಗೆ ತೀರುವಂಥದ್ದು. ನನ್ನ ಪತ್ನಿ ಇದನ್ನು ಒಪ್ಪುವುದಿಲ್ಲ. ಅಮೆರಿಕದ ಯಾವುದಾದರೂ ಕಾಲೇಜು ವಿದ್ಯಾರ್ಥಿವೇತನ ಕೊಟ್ಟರೆ ಕಳುಹಿಸಲೇಬೇಕು ಎನ್ನುತ್ತಾಳೆ. ಅರ್ಜಿ ಹಾಕಲು ನಾನು ಅಡ್ಡಿ ಮಾಡಿಲ್ಲ.