ಹೊಲಕ್ಕೂ ನೀರು, ಗಾಯಕ್ಕೂ ನೀರು

‘ಇರಿಗೇಷನ್’ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾಲುವೆ, ತೂಬು, ಗದ್ದೆ. ಅದೇ ಮಾತನ್ನು ಆಸ್ಪತ್ರೆಯ ಚೀಟಿಯಲ್ಲಿ ಕಂಡರೆ, ರೋಗಿಗೂ ನೀರಾವರಿಗೂ ಏನು ಸಂಬಂಧವೆಂದು ಬೆರಗಾಗುವುದು ಸಹಜ. ಲ್ಯಾಟಿನ್ ಭಾಷೆಯಲ್ಲಿ ಈ ಪದದ ಮೂಲಾರ್ಥ ನೀರು ಹಾಯಿಸುವುದು ಎಂದಷ್ಟೆ. ರೈತನು ಬೆಳೆಗೆ ನೀರು ಹಾಯಿಸಿ ಉಣಿಸುತ್ತಾನೆ. ವೈದ್ಯನು ಗಾಯ, ಕಣ್ಣು, ಮೂಗುಗಳಿಗೆ ನೀರು ಹಾಯಿಸಿ ತೊಳೆಯುತ್ತಾನೆ. ಉದ್ದೇಶ ಬೇರೆಯಾದರೂ ಇಬ್ಬರೂ ಪಾಲಿಸಬೇಕಾದ ನಿಯಮ ಒಂದುಂಟು: ಬಂದ ನೀರು ಹೊರಟುಹೋಗಲು ದಾರಿ ಇರಬೇಕು.

ಮೊದಲು ಹೊಲದ ಮಾತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಿಳಿದು ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಗಳ ಒಣನೆಲ ಹಸುರಾಯಿತು. ಆದರೆ ಮಿತಿಮೀರಿ ನೀರು ನಿಲ್ಲಿಸಿದ ಕಡೆಗಳಲ್ಲಿ ಅಂತರ್ಜಲ ಮೇಲೇರಿತು. ಬೇರಿಗೆ ನೀರಿನಂತೆ ಗಾಳಿಯೂ ಬೇಕು. ಅದು ಸಿಗದೆ ಪೈರು ಸೊರಗಿತು. ಮೇಲೆ ಬಂದ ನೀರು ಬಿಸಿಲಿಗೆ ಆರಿ, ಅದರೊಳಗಿನ ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ನೆಲದ ಮೇಲೆ ಉಳಿಯಿತು. ಇದೇ ಸವಳು. ಇದಕ್ಕೆ ಮದ್ದು ಬಸಿಗಾಲುವೆ. ಅನ್ನದ ಗಂಜಿ ಬಸಿಯುವಂತೆ ಹೆಚ್ಚಿನ ನೀರನ್ನೂ ಉಪ್ಪನ್ನೂ ಹೊಲದಿಂದ ಬಸಿದು ಸಾಗಿಸುವ ತೋಡು ಅದು.

ಈ ಅಪಾಯವನ್ನು ಬಹಳ ಹಿಂದೆಯೇ ಅರಿತವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. 1909ರಲ್ಲಿ ಮೈಸೂರಿಗೆ ಬರುವ ಮುನ್ನ ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗ, ಪುಣೆಯ ಕಡೆಯ ಕಾಲುವೆಗಳಿಗೆ ಅವರು ‘ಬ್ಲಾಕ್ ಪದ್ಧತಿ’ಯನ್ನು ತಂದರು. ನೆಲವನ್ನು ತಾಕುಗಳಾಗಿ ವಿಂಗಡಿಸಿ, ಹೆಚ್ಚು ನೀರು ಕುಡಿಯುವ ಕಬ್ಬನ್ನೂ ಕಡಿಮೆ ನೀರಿನ ಬೆಳೆಗಳನ್ನೂ ಸರದಿಯಂತೆ ಬೆಳೆಯುವ ಕ್ರಮ ಅದು. ಇದರಿಂದ ನೀರು ಹೆಚ್ಚು ಮಂದಿಗೆ ಸಿಕ್ಕಿತು. ನೆಲ ಜವಳಾಗುವುದಕ್ಕೂ ತಡೆಯಾಯಿತು.

ಇನ್ನು ಮೈಯ ಮಾತು. ಮಗುವಿಗೆ ಬೀದಿನಾಯಿ ಕಚ್ಚಿತೆಂದರೆ ಅರಿಸಿನ, ಸುಣ್ಣ, ಮೆಣಸಿನಪುಡಿ ಮೆತ್ತುವ ರೂಢಿ ಇನ್ನೂ ಕೆಲವು ಮನೆಗಳಲ್ಲಿ ಉಂಟು. ಇದು ದಾರಿ ತಪ್ಪಿದ ಚಿಕಿತ್ಸೆ. ಕೂಡಲೇ ನಲ್ಲಿಯ ಕೆಳಗೆ ಹಿಡಿದು, ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯತಕ್ಕದ್ದು. ಸೋಪು ರೇಬೀಸ್ ವಿಷಾಣುವಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ನೀರು ಅದನ್ನು ಹೊರಗೆ ಒಯ್ಯುತ್ತದೆ. ಬಳಿಕ ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಲೇಬೇಕು. ರೋಗದ ಲಕ್ಷಣ ತೋರಿದ ಮೇಲೆ ಬದುಕುಳಿಯುವುದು ಅತಿ ವಿರಳ.

ಕಣ್ಣಿಗೆ ಎಲೆ-ಅಡಿಕೆಯ ಸುಣ್ಣ ಸಿಡಿದರೂ ಇದೇ ಅವಸರ ಬೇಕು. ಸುಣ್ಣ ಒಳಗೊಳಗೇ ಸುಡುತ್ತ ಹೋಗುತ್ತದೆ. ತಲೆಯನ್ನು ಓರೆಮಾಡಿ, ನೊಂದ ಕಣ್ಣು ಕೆಳಗಿರುವಂತೆ ಹಿಡಿದು, ರೆಪ್ಪೆ ಬಿಡಿಸಿ, 20 ನಿಮಿಷವಾದರೂ ಶುದ್ಧ ನೀರು ಹರಿಸಬೇಕು. ಹಾಗೆ ಹಿಡಿದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹೋಗದು. ಎಣ್ಣೆ, ಹಾಲು ಬೇಡ. ತೊಳೆದಾದ ಮೇಲೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ.

ಮೂಗಿನ ಜಲನೇತಿ ನಮ್ಮಲ್ಲಿ ಅನೇಕರಿಗೆ ಪರಿಚಿತ. ಅದಕ್ಕೆ ಕುದಿಸಿ ಆರಿಸಿದ ನೀರೇ ಬೇಕು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು, ಆ ನೀರಿನಲ್ಲಿದ್ದ ಅಮೀಬಾ ಮೆದುಳಿಗೆ ಸೇರಿ ತೀರಿಕೊಂಡರು. ಕುಡಿದಾಗ ಈ ಜೀವಿಯಿಂದ ಆ ರೋಗ ಬಾರದು. ಮೂಗಿನ ದಾರಿಯೇ ಅದಕ್ಕೆ ಬಾಗಿಲು. ಒಂದು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದರೆ ಮೂಗು ಉರಿಯುವುದಿಲ್ಲ. ಹೊಲವನ್ನು ಕೆಡಿಸುವ ಉಪ್ಪು ಇಲ್ಲಿ ಅಳತೆಯಲ್ಲಿದ್ದು ಉಪಕಾರ ಮಾಡುತ್ತದೆ.

ಕಿವಿಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಕೈಹಾಕದಿರುವುದೇ ಲೇಸು. ಮಗು ಕಿವಿಗೆ ಕಡಲೆಕಾಳು ತೂರಿಸಿಕೊಂಡಿದ್ದರೆ ನೀರು ಬಿಡಲೇಬಾರದು. ಹೊಲದಲ್ಲಿ ನೆನೆದ ಬೀಜದಂತೆ ಕಾಳು ಅಲ್ಲಿಯೂ ಉಬ್ಬುತ್ತದೆ. ಬರುವ ದಾರಿ ಮುಚ್ಚಿಹೋಗುತ್ತದೆ. ವೈದ್ಯರು ಸಲಕರಣೆಯಿಂದ ಅದನ್ನು ಹೊರತೆಗೆಯುತ್ತಾರೆ.

ಎಲ್ಲಿಗೆ, ಎಷ್ಟು, ಎಂತಹ ನೀರು, ಹೊರಗೆ ಹೋಗುವುದು ಯಾವ ದಾರಿಯಲ್ಲಿ: ಈ ನಾಲ್ಕು ಪ್ರಶ್ನೆಗಳನ್ನು ಮನೆಯ ಮಕ್ಕಳಿಗೂ ಕಲಿಸೋಣ. ಊರಿನ ಜಮೀನಿಗೆ ಕಾಲುವೆ ನೀರು ಬಂದಿತೆಂದು ಅಣ್ಣತಮ್ಮಂದಿರು ಸಂತೋಷದಿಂದ ತಿಳಿಸಿದರೆ ನಾವೂ ಸಂತೋಷಪಡೋಣ. ಜೊತೆಗೆ, ಬಸಿಗಾಲುವೆ ತೋಡಿಸಿದಿರಾ ಎಂದು ಒಂದು ಮಾತು ಕೇಳೋಣ.